ಗುಳಿಗೆ ತಪ್ಪದಂತೆ: ವಿಮೆಯಿಲ್ಲದ ಮಧುಮೇಹಿಗಳಿಗೆ ಒಂದು ಕೈಪಿಡಿ

ಮಧುಮೇಹದ ಗುಳಿಗೆಯನ್ನು ನಡುನಡುವೆ ಬಿಡುವವರನ್ನು ಮರೆವಿನವರೆಂದೋ ಅಸಡ್ಡೆಯವರೆಂದೋ ಬಗೆಯುವುದು ದವಾಖಾನೆಗಳಲ್ಲಿ ರೂಢಿಯಾಗಿದೆ. ಹುಬ್ಬಳ್ಳಿಯ ಅಮರಗೋಳ ಎ.ಪಿ.ಎಂ.ಸಿ.ಯ ಹಮಾಲರು, ಗದಗ-ಬೆಟಗೇರಿಯ ನೇಕಾರರು, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಇಂಥವರ ಮಟ್ಟಿಗೆ ಆ ಮಾತು ಅರ್ಧವೂ ಸರಿಯಲ್ಲ. ಅವರು ಲೆಕ್ಕ ಹಾಕಿಯೇ ಬಿಡುತ್ತಾರೆ. ಹತ್ತು ಗುಳಿಗೆಯ ಸ್ಟ್ರಿಪ್ಪನ್ನು ದಿನ ಬಿಟ್ಟು ದಿನ ನುಂಗಿ ಇಪ್ಪತ್ತು ದಿನ ಎಳೆಯುತ್ತಾರೆ. ಎರಡು ಹೊತ್ತಿನದನ್ನು ಒಂದು ಹೊತ್ತಿಗೆ ಇಳಿಸುತ್ತಾರೆ. ರಕ್ತ ತಪಾಸಣೆಯಲ್ಲಿ ಸಕ್ಕರೆ ಸರಿಯಾಗಿ ಬಂದರೆ ಇನ್ನು ಬೇಡವೆಂದು ನಿಲ್ಲಿಸಿ ಕಾಲುನೋವು ಬಂದಾಗ ಮತ್ತೆ ಹಿಡಿಯುತ್ತಾರೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕಾಯಿಲೆಯಿದ್ದರೆ ಒಬ್ಬರ ಚೀಟಿಯ ಔಷಧವನ್ನೇ ಇಬ್ಬರೂ ಹಂಚಿಕೊಳ್ಳುತ್ತಾರೆ. ಹೀಗಿರುವಾಗ ಗುಳಿಗೆ ತೆಗೆದುಕೊಳ್ಳಲು ನೆನಪಿಸುವ ಗಂಟೆಯನ್ನು ಮೊಬೈಲಿಗೆ ಹಾಕಿಕೊಟ್ಟರೆ ಪ್ರಯೋಜನ ಕಡಿಮೆ. ತಿಂಗಳ ಔಷಧದ ಖರ್ಚು ತಿಂಗಳ ದುಡಿಮೆಯೊಳಗೆ ಕೂಡುವಂತೆ ಮಾಡುವುದೇ ಮೊದಲ ಕೆಲಸ. ಆ ಕೆಲಸವನ್ನು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಹೇಗೆ ಮಾಡಿಕೊಳ್ಳಬಹುದೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಇಲ್ಲಿನ ಹೆಚ್ಚಿನ ಮಾತು ದೊಡ್ಡವರಲ್ಲಿ ಬರುವ ಎರಡನೇ ಬಗೆಯ ಮಧುಮೇಹಕ್ಕೆ ಸಂಬಂಧಿಸಿದ್ದು. ಔಷಧದ ಪ್ರಮಾಣವನ್ನು ಏರಿಸುವ, ಇಳಿಸುವ, ಬದಲಿಸುವ ತೀರ್ಮಾನ ಎಲ್ಲ ಕಡೆಯೂ ವೈದ್ಯರದೇ.

ಕಾರ್ಡಿನಿಂದ ಸಿಗುವುದು, ಸಿಗದಿರುವುದು

ತಮ್ಮಲ್ಲಿ ಕಾರ್ಡು ಇದೆಯಾದ್ದರಿಂದ ತಾವು ವಿಮೆಯಿಲ್ಲದವರಲ್ಲ ಎಂದುಕೊಂಡಿರುವವರು ಬಹಳ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಉಳಿದವರಿಗೆ ನಿಗದಿತ ದರದ ಶೇಕಡಾ 30ರಷ್ಟನ್ನು ಸರ್ಕಾರ ಭರಿಸುತ್ತದೆ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. ಆದರೆ ಇವೆಲ್ಲ ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಇರುವಂಥವು. ದಿನವೂ ನುಂಗುವ ಗುಳಿಗೆಯ ಹಣವನ್ನು ಔಷಧ ಅಂಗಡಿಯಲ್ಲಿ ಯಾವ ಕಾರ್ಡೂ ಕಟ್ಟುವುದಿಲ್ಲ. ಕೊಳೆತ ಪಾದವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗೆ ನೆರವುಂಟು, ಆ ಪಾದ ಕೊಳೆಯದಂತೆ ಕಾಯುವ ಗುಳಿಗೆಗೆ ಇಲ್ಲ. ಈ ಅರ್ಥದಲ್ಲಿ ನಮ್ಮ ಭಾಗದ ಬಹುಪಾಲು ಮಧುಮೇಹಿಗಳು, ಕಾರ್ಡು ಇದ್ದವರೂ ಸೇರಿ, ವಿಮೆಯಿಲ್ಲದವರೇ.

ಇದಕ್ಕೊಂದು ಅಪವಾದವಿದೆ, ಅದನ್ನು ಮೊದಲೇ ನೋಡಿಕೊಳ್ಳಬೇಕು. ಮನೆಯಲ್ಲಿ ಯಾರಾದರೂ ಕಾರ್ಖಾನೆ, ಬಟ್ಟೆ ಅಂಗಡಿ, ಶೋರೂಂ, ಭದ್ರತಾ ಸಿಬ್ಬಂದಿ ಒದಗಿಸುವ ಸಂಸ್ಥೆ ಮುಂತಾದ ಕಡೆ ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳಕ್ಕೆ ದುಡಿಯುತ್ತಿದ್ದರೆ ಅವರ ಸಂಬಳದ ಚೀಟಿಯನ್ನು ತರಿಸಿ ನೋಡಿ. ಅದರಲ್ಲಿ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಎಂದು ಶೇಕಡಾ 0.75ರ ಕಡಿತ ಕಂಡರೆ ಆ ನೌಕರರಿಗೂ ಅವರ ಕುಟುಂಬಕ್ಕೂ, ಅವರನ್ನೇ ಆಶ್ರಯಿಸಿರುವ ತಂದೆತಾಯಿಗೂ, ಇ.ಎಸ್.ಐ. ಔಷಧಾಲಯದಲ್ಲಿ ಹೊರರೋಗಿ ತಪಾಸಣೆಯೂ ಗುಳಿಗೆಯೂ ಸಿಗುತ್ತವೆ. ಮಗನ ಸಂಬಳದಲ್ಲಿ ವರ್ಷಗಟ್ಟಲೆ ಹಣ ಕಡಿತವಾಗುತ್ತಿದ್ದರೂ ತಾಯಿ ಸಾಲ ಮಾಡಿ ಗುಳಿಗೆ ಕೊಳ್ಳುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಔಷಧದ ಮೂಲ ಹೆಸರು ಬರೆದಿಟ್ಟುಕೊಳ್ಳಿ

ಸ್ಟ್ರಿಪ್ಪಿನ ಮೇಲೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಅಥವಾ ಹಿಂಬದಿಯಲ್ಲಿ ಮೂಲ ಔಷಧದ ಹೆಸರೂ ಮಿಲಿಗ್ರಾಂ ಪ್ರಮಾಣವೂ ಇರುತ್ತವೆ. ಆ ಅಕ್ಷರಗಳನ್ನು ಓದುವುದು ಕಷ್ಟವಾದರೆ ಔಷಧ ಅಂಗಡಿಯವರನ್ನೋ ಶಾಲೆಗೆ ಹೋಗುವ ಮಕ್ಕಳನ್ನೋ ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿಯೇ ಬರೆಸಿಕೊಳ್ಳಿ: ಮೆಟ್‌ಫಾರ್ಮಿನ್ 500, ಗ್ಲಿಮೆಪಿರೈಡ್ 1, ಹೀಗೆ. ಖಾಸಗಿ ವೈದ್ಯರು ಬರೆಯುವ ಗುಳಿಗೆಗಳಲ್ಲಿ ಎರಡು ಮೂರು ಔಷಧಗಳು ಒಂದರಲ್ಲಿಯೇ ಬೆರೆತಿರುವುದು ಈಗ ಸಾಮಾನ್ಯವಾಗಿದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮತ್ತು ವೊಗ್ಲಿಬೋಸ್ ಮೂರೂ ಸೇರಿದ ಗುಳಿಗೆ ಇದಕ್ಕೊಂದು ಉದಾಹರಣೆ. ಸರ್ಕಾರಿ ದವಾಖಾನೆಯಲ್ಲಿ ಇವೇ ಔಷಧಗಳು ಬಿಡಿಬಿಡಿಯಾಗಿ, ಬೇರೆ ಬಣ್ಣದಲ್ಲಿ, ಬೇರೆ ಗಾತ್ರದಲ್ಲಿ ಸಿಗುತ್ತವೆ.

ಮೂಲ ಹೆಸರು ಗೊತ್ತಿಲ್ಲದಿದ್ದರೆ ಎರಡು ಬಗೆಯ ಅಪಾಯವುಂಟು. ಒಂದು, ದವಾಖಾನೆಯಲ್ಲಿ ಕೊಟ್ಟದ್ದು ತಮ್ಮ ಗುಳಿಗೆಯೇ ಅಲ್ಲವೆಂದು ಅದನ್ನು ಮೂಲೆಗೆ ಹಾಕಿ ಹೊರಗೆ ಕೊಳ್ಳುವುದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು: ಎರಡೂ ಬೇರೆಬೇರೆ ಎಂದು ತಿಳಿದು ಖಾಸಗಿಯವರ ಬೆರಕೆ ಗುಳಿಗೆಯನ್ನೂ ಸರ್ಕಾರಿ ಗ್ಲಿಮೆಪಿರೈಡನ್ನೂ ಒಟ್ಟಿಗೆ ನುಂಗುವುದು. ಇದರಿಂದ ಪ್ರಮಾಣ ದುಪ್ಪಟ್ಟಾಗಿ ಸಕ್ಕರೆ ಕುಸಿದು ವಯಸ್ಸಾದವರು ನಸುಕಿನಲ್ಲಿ ಎಚ್ಚರ ತಪ್ಪಿ ಬಿದ್ದಿರಬಹುದು. ಆದ್ದರಿಂದ ಯಾವ ದವಾಖಾನೆಗೆ ಹೋದರೂ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಚೀಟಿಗಿಂತ ಚೀಲ ಹೆಚ್ಚು ನಿಜ ಹೇಳುತ್ತದೆ.

ವೈದ್ಯರ ಮುಂದೆ ದುಡ್ಡಿನ ಮಾತು

ದುಡ್ಡಿನ ಮಾತನ್ನು ವೈದ್ಯರ ಮುಂದೆ ಎತ್ತಲು ನಮ್ಮವರಿಗೆ ಸಂಕೋಚ. ಬರೆದುಕೊಟ್ಟದ್ದನ್ನು ತಲೆಯಾಡಿಸಿ ತೆಗೆದುಕೊಂಡು ಅಂಗಡಿಯ ಮುಂದೆ ನಿಂತಾಗ ಅರ್ಧ ಕೊಡಿ ಎನ್ನುತ್ತಾರೆ. ಯಾವ ಅರ್ಧ ಎಂಬುದನ್ನು ಆಗ ತೀರ್ಮಾನಿಸುವವರು ವೈದ್ಯರಲ್ಲ, ಜೇಬು. ಇದನ್ನು ತಿರುಗಿಸಬೇಕು. ತಪಾಸಣೆ ಮುಗಿದು ವೈದ್ಯರು ಪೆನ್ನು ಕೈಗೆತ್ತಿಕೊಳ್ಳುವ ಮೊದಲೇ, “ಸರ್, ತಿಂಗಳಿಗೆ ಇಷ್ಟರ ಮ್ಯಾಲ ನನ್ನ ಕಡೆ ಆಗೂದಿಲ್ರಿ, ಅದರಾಗ ಕೂಡೂವಂಥಾ ಗುಳಿಗಿ ಬರದ ಕೊಡ್ರಿ” ಎಂದು ಮೊತ್ತವನ್ನು ಹೇಳಿಬಿಡಬೇಕು. ಮೊತ್ತ ಹೇಳಿದರೆ ಬಹಳಷ್ಟು ವೈದ್ಯರು ಚೀಟಿಯನ್ನು ಬೇರೆ ರೀತಿ ಬರೆಯುತ್ತಾರೆ. ಕಡಿಮೆ ಬೆಲೆಯ ಚಿಕಿತ್ಸೆ ಕೀಳು ಚಿಕಿತ್ಸೆಯಲ್ಲ. ಎರಡನೇ ಬಗೆಯ ಮಧುಮೇಹದ ಆರಂಭದಲ್ಲಿ ಇಂದಿಗೂ ಸಾಮಾನ್ಯವಾಗಿ ಬರೆಯುವ ಮೆಟ್‌ಫಾರ್ಮಿನ್, ಪೇಟೆಯಲ್ಲಿ ಸಿಗುವ ಅತ್ಯಂತ ಅಗ್ಗದ ಗುಳಿಗೆಗಳಲ್ಲೊಂದು. ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಯು.ಕೆ.ಪಿ.ಡಿ.ಎಸ್. ಎಂಬ ದೀರ್ಘ ಅಧ್ಯಯನವು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ತೊಂದರೆಗಳು ನಾಲ್ಕನೇ ಒಂದು ಭಾಗದಷ್ಟು ಕಡಿಮೆಯಾಗುವುದನ್ನು ತೋರಿಸಿತು. ಆ ಅಧ್ಯಯನದಲ್ಲಿ ಬಳಸಿದ್ದು ಮೆಟ್‌ಫಾರ್ಮಿನ್, ಇನ್ಸುಲಿನ್, ಸಲ್ಫೊನಿಲ್‌ಯೂರಿಯಾ (ಗ್ಲಿಮೆಪಿರೈಡ್ ಸೇರಿರುವ ಔಷಧಗಳ ಗುಂಪು) ಎಂಬ ಹಳೆಯ ಔಷಧಗಳನ್ನೇ.

ಹಣ ಸಾಲದಾದಾಗ ಚೀಟಿಯಲ್ಲಿರುವ ಪ್ರತಿಯೊಂದನ್ನೂ ಬೆರಳಿಟ್ಟು ತೋರಿಸಿ, ಇದು ಯಾತಕ್ಕೆ ಎಂದು ವೈದ್ಯರನ್ನು ಕೇಳಿ. ನರಗಳ ಶಕ್ತಿಗೆಂದು ಬರೆಯುವ ಹಲವು ವಿಟಮಿನ್‌ಗಳ ಕ್ಯಾಪ್ಸೂಲು, ಪುಡಿಯ ಡಬ್ಬಿ ಇಂಥವೇ ಎಷ್ಟೋ ಸಲ ಬಿಲ್ಲಿನ ದೊಡ್ಡ ಪಾಲನ್ನು ತಿನ್ನುತ್ತವೆ. ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕೊರತೆ ಉಂಟಾಗಬಹುದಾದ್ದರಿಂದ ಕೆಲವರಿಗೆ ಅದು ನಿಜವಾಗಿಯೂ ಬೇಕು, ಎಲ್ಲರಿಗೂ ಬೇಡ. ಇದಕ್ಕೆ ಪ್ರತಿಯಾಗಿ ರಕ್ತದೊತ್ತಡದ ಗುಳಿಗೆಯನ್ನೂ ಕೊಬ್ಬಿನಂಶ ಇಳಿಸುವ ಸ್ಟ್ಯಾಟಿನ್ ಗುಳಿಗೆಯನ್ನೂ, ಅವು ಸಕ್ಕರೆಯವಲ್ಲವೆಂಬ ಕಾರಣಕ್ಕೆ ಮೊದಲು ಕೈಬಿಡುವ ರೂಢಿ ನಮ್ಮಲ್ಲಿದೆ. ಮಧುಮೇಹಿಗಳನ್ನು ಬಹುಮಟ್ಟಿಗೆ ಬಲಿ ತೆಗೆದುಕೊಳ್ಳುವುದು ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡದ ವೈಫಲ್ಯಗಳಾದ್ದರಿಂದ ಬಿಡಬೇಕಾದ ಸಾಲಿನಲ್ಲಿ ಇವು ಬರಲೇ ಕೂಡದು.

ಉಚಿತ ಗುಳಿಗೆಯ ದಾರಿ

ಮಧುಮೇಹ, ರಕ್ತದೊತ್ತಡದಂಥ ಅಸಾಂಕ್ರಾಮಿಕ (ಎನ್.ಸಿ.ಡಿ.) ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಅದರ ಅಡಿಯಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಎನ್.ಸಿ.ಡಿ. ಕ್ಲಿನಿಕ್ ಎಂಬ ಪ್ರತ್ಯೇಕ ಕೋಣೆ ಇರುತ್ತದೆ. ಹೊರರೋಗಿ ಚೀಟಿ ಮಾಡಿಸುವಾಗಲೇ ಆ ಕೋಣೆ ಎಲ್ಲಿದೆಯೆಂದು ಕೇಳಿ, ಹೆಸರು ನೋಂದಾಯಿಸಿ, ಪುಸ್ತಕವನ್ನೋ ಕಾರ್ಡನ್ನೋ ಪಡೆಯಬೇಕು. ಹೆಸರು ಒಮ್ಮೆ ಅಲ್ಲಿ ಸೇರಿದರೆ ಮುಂದಿನ ತಿಂಗಳುಗಳ ಔಷಧವನ್ನು ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಅಥವಾ ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಫಲಕ ಹೊತ್ತಿರುವ ಸಬ್ ಸೆಂಟರಿನಿಂದ ಪಡೆಯುವ ದಾರಿ ತೆರೆಯುತ್ತದೆ. ಅಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ ಬೆರಳಿನ ರಕ್ತ ತೆಗೆದು ಸಕ್ಕರೆ ನೋಡುತ್ತಾರೆ, ರಕ್ತದೊತ್ತಡ ಅಳೆಯುತ್ತಾರೆ, ವೈದ್ಯರು ಈಗಾಗಲೇ ಬರೆದ ಗುಳಿಗೆಯನ್ನು ಮುಂದುವರಿಸಿ ಕೊಡುತ್ತಾರೆ. ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ, ಹಾವೇರಿ, ರಾಣೆಬೆನ್ನೂರಿನಂಥ ಊರುಗಳಲ್ಲಿ ಇರುವವರು ತಮ್ಮ ವಾರ್ಡಿಗೆ ಹತ್ತಿರದ ನಗರ ಆರೋಗ್ಯ ಕೇಂದ್ರವನ್ನೋ, 2022ರ ಕೊನೆಯಿಂದ ತೆರೆಯುತ್ತ ಬಂದ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ದವಾಖಾನೆಯನ್ನೋ ಹುಡುಕಿಕೊಳ್ಳಬಹುದು. 2024ರಲ್ಲಿ ಕೋಲಾರದಲ್ಲಿ ಆರಂಭಿಸಿ ಮರುವರ್ಷ ಇತರ ಜಿಲ್ಲೆಗಳಿಗೂ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ 30 ವರ್ಷ ದಾಟಿದವರ ತಪಾಸಣೆ ಮನೆಬಾಗಿಲಲ್ಲಿಯೇ ನಡೆಯಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿ ನಿಮ್ಮ ಓಣಿಯ ಸರದಿ ತಿಳಿದುಕೊಳ್ಳಿ.

ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆ.ಎಂ.ಸಿ.ಆರ್.ಐ.), ಧಾರವಾಡದ ಸಿವಿಲ್ ದವಾಖಾನೆ, ಗದಗದ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ ಇವನ್ನು ತಿಂಗಳ ಗುಳಿಗೆಗಾಗಿ ಬಳಸುವುದು ಜಾಣತನವಲ್ಲ ಎಂಬುದು ನನ್ನ ಅಭಿಪ್ರಾಯ. ಕುಂದಗೋಳದಿಂದಲೋ ಶಿರಹಟ್ಟಿಯಿಂದಲೋ ಬಂದು ಸರದಿಯಲ್ಲಿ ನಿಂತರೆ ಒಂದು ದಿನದ ಕೂಲಿ ಹೋಗುತ್ತದೆ. ಬಸ್ಸಿನ ಖರ್ಚು, ಚಹಾ, ಊಟ ಸೇರಿದರೆ ಪುಕ್ಕಟೆ ಗುಳಿಗೆ ಅಂಗಡಿಯ ಗುಳಿಗೆಗಿಂತ ತುಟ್ಟಿಯಾಗುತ್ತದೆ. ರಾಜ್ಯದ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ ಎಂಬುದೇನೋ ಸರಿ, ಕೂಲಿಯ ನಷ್ಟ ಅವರಿಗೂ ಇದ್ದೇ ಇದೆ. ದೊಡ್ಡ ದವಾಖಾನೆಯನ್ನು ಆರು ತಿಂಗಳಿಗೊಮ್ಮೆಯ ಪೂರ್ಣ ತಪಾಸಣೆಗೆ, ಇನ್ಸುಲಿನ್ ಆರಂಭಿಸುವುದಕ್ಕೆ, ಕಾಲಿನ ಹುಣ್ಣಿಗೆ, ಕಣ್ಣಿನ ಪರೀಕ್ಷೆಗೆ ಇಟ್ಟುಕೊಂಡು, ತಿಂಗಳ ಗುಳಿಗೆಯನ್ನು ನಡೆದು ಹೋಗುವಷ್ಟು ದೂರದಲ್ಲಿ ಸಿಗುವಂತೆ ಮಾಡಿಕೊಳ್ಳಬೇಕು.

ಸರ್ಕಾರಿ ಸರಬರಾಜಿನಲ್ಲಿ ಆಗಾಗ ಕೊರತೆ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೊನೆಯ ಗುಳಿಗೆ ನುಂಗಿದ ಮರುದಿನ ಹೋಗಿ, ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ ಎಂಬ ಮಾತು ಕೇಳಿ ಬರುವುದಕ್ಕಿಂತ, ಹತ್ತು ದಿನದ ಗುಳಿಗೆ ಉಳಿದಿರುವಾಗಲೇ ಹೋಗುವುದನ್ನು ರೂಢಿ ಮಾಡಿಕೊಳ್ಳಿ. ಮನೆಯಲ್ಲಿ ಸದಾ ಹತ್ತು ದಿನದ ಹೆಚ್ಚಿನ ಸ್ಟ್ರಿಪ್ ಇರಬೇಕು. ಹೊಸದು ಬಂದಾಗ ಹಳೆಯದನ್ನು ಮೊದಲು ಬಳಸಿ, ಹೊಸದನ್ನು ಹಿಂದಿಡಬೇಕು. ಒಂದು ಸಲ ಮಾತ್ರ ಹಣ ಹಾಕಿ ಈ ಹತ್ತು ದಿನದ ಸಂಗ್ರಹ ಕೊಂಡಿಟ್ಟರೆ ಸರ್ಕಾರಿ ಗುಳಿಗೆಯನ್ನು ನಂಬಿ ನಡೆಯುವುದು ಸಾಧ್ಯವಾಗುತ್ತದೆ.

ಸರ್ಕಾರಿ ಗುಳಿಗೆಗೆ ಪವರ್ ಇಲ್ಲ ಎನ್ನುವವರಿಗೂ ಒಂದು ಮಾತು. ಗುಳಿಗೆ ಬದಲಾದ ವಾರದಲ್ಲಿ ಮದುವೆಯ ಊಟ ಮಾಡಿ, ಮರುದಿನ ಸಕ್ಕರೆ ನೋಡಿಕೊಂಡು ತೀರ್ಪು ಕೊಡುವುದು ಸರಿಯಲ್ಲ. ಅದೇ ಔಷಧವನ್ನು ಅದೇ ಪ್ರಮಾಣದಲ್ಲಿ ಮೂರು ತಿಂಗಳು ತಪ್ಪದೆ ತೆಗೆದುಕೊಂಡು, ಆ ಅವಧಿಯ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಅದು ಏರಿದ್ದರೆ ಫಲಿತಾಂಶವನ್ನು ವೈದ್ಯರಿಗೆ ತೋರಿಸಿ ಮಾತಾಡಿ.

ಕೊಳ್ಳಬೇಕಾಗಿ ಬಂದಾಗ

ಔಷಧಗಳನ್ನು ಮೂಲ ಹೆಸರಿನಲ್ಲಿಯೇ ಕಡಿಮೆ ಬೆಲೆಗೆ ಮಾರುವ ಜನೌಷಧಿ ಕೇಂದ್ರಗಳು ಈಗ ಜಿಲ್ಲಾ ಕೇಂದ್ರಗಳಲ್ಲಿಯೂ ಬಹುತೇಕ ತಾಲ್ಲೂಕು ಸ್ಥಳಗಳಲ್ಲಿಯೂ ಇವೆ. ಅಲ್ಲಿ ಕಂಪನಿಯ ಹೆಸರಿನಿಂದ ಕೇಳಬಾರದು. ನೋಟ್‌ಬುಕ್ಕಿನಲ್ಲಿ ಬರೆಸಿದ ಮೂಲ ಹೆಸರು ಇಲ್ಲಿ ಕೆಲಸಕ್ಕೆ ಬರುತ್ತದೆ. ಹೊಸ ಔಷಧಗಳ ಬೆಲೆಯೂ ಕೆಲವು ವರ್ಷಗಳಿಂದ ಇಳಿದಿದೆ. ವಿಲ್ಡಾಗ್ಲಿಪ್ಟಿನ್‌ನ ಪೇಟೆಂಟ್ (ಒಂದೇ ಕಂಪನಿಗಿರುವ ತಯಾರಿಕೆಯ ಹಕ್ಕು) 2019ರಲ್ಲಿ, ಡಪಾಗ್ಲಿಫ್ಲೋಜಿನ್‌ನದು 2020ರಲ್ಲಿ, ಸಿಟಾಗ್ಲಿಪ್ಟಿನ್‌ನದು 2022ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರಲ್ಲಿ ಮುಗಿದು ಹಲವು ಕಂಪನಿಗಳು ಇವನ್ನು ತಯಾರಿಸತೊಡಗಿದವು. ಸಿಟಾಗ್ಲಿಪ್ಟಿನ್ 50 ಮಿಲಿಗ್ರಾಂನ ಹತ್ತು ಗುಳಿಗೆಗಳನ್ನು ಜನೌಷಧಿ ಕೇಂದ್ರಗಳು 2022ರಲ್ಲಿ 60 ರೂಪಾಯಿಗೆ ಮಾರಾಟಕ್ಕೆ ತಂದವು. ಹಾಗಾಗಿ ಐದಾರು ವರ್ಷಗಳ ಹಿಂದೆ ಬರೆದ ತುಟ್ಟಿ ಬ್ರ್ಯಾಂಡನ್ನೇ ಇಂದಿಗೂ ಕೊಳ್ಳುತ್ತಿರುವವರು, ಇದೇ ಔಷಧ ಈಗ ಅಗ್ಗದಲ್ಲಿ ಇದೆಯೇ ಎಂದು ವೈದ್ಯರನ್ನೋ ಔಷಧ ಅಂಗಡಿಯವರನ್ನೋ ವಿಚಾರಿಸಬೇಕು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಇನ್ಸುಲಿನ್‌ನಂಥ ಅಗತ್ಯ ಔಷಧಗಳಿಗೆ ಕೇಂದ್ರ ಸರ್ಕಾರ ಗರಿಷ್ಠ ಬೆಲೆಯನ್ನು ನಿಗದಿ ಮಾಡುತ್ತದೆ. 2022ರ ಅಗತ್ಯ ಔಷಧಗಳ ಪಟ್ಟಿಗೆ ಟೆನೆಲಿಗ್ಲಿಪ್ಟಿನ್ ಮತ್ತು ಗ್ಲಾರ್ಜಿನ್ ಇನ್ಸುಲಿನ್ ಸೇರಿದವು.

ಸ್ಟ್ರಿಪ್ ಕತ್ತರಿಸಿ ಐದೇ ಗುಳಿಗೆ ಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಅವಧಿ ಮುಗಿಯುವ ದಿನಾಂಕ ಯಾವ ತುಂಡಿನ ಮೇಲಿದೆಯೆಂದು ನೋಡಿ, ಅದು ನಿಮ್ಮ ತುಂಡಿನಲ್ಲಿ ಇಲ್ಲದಿದ್ದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮೊಬೈಲಿನ ಜಾಹೀರಾತಿನಲ್ಲಿ ಮಾರುವ, ಮೇಲೆ ಏನೂ ಬರೆಯದ ಪುಡಿಗಳಿಗೆ ಹಣ ಹಾಕಬೇಡಿ. ಗಿಡಮೂಲಿಕೆ ಎಂದು ಮಾರಿದ ಪುಡಿಗಳಲ್ಲಿ ಸಕ್ಕರೆ ಇಳಿಸುವ ಗ್ಲಿಬೆನ್‌ಕ್ಲಮೈಡ್‌ನಂಥ ಗುಳಿಗೆಯನ್ನೇ ಅರೆದು ಬೆರೆಸಿದ್ದು ಹಲವು ಕಡೆ ಪತ್ತೆಯಾಗಿದೆ. ಹಾಗಲಕಾಯಿ, ಮೆಂತ್ಯ ಊಟದಲ್ಲಿರಲಿ, ಗುಳಿಗೆಯ ಬದಲಿಗೆ ಬೇಡ.

ಯಾವುದನ್ನು ಯಾವಾಗ ನುಂಗಬೇಕು

ಮೆಟ್‌ಫಾರ್ಮಿನ್ ಊಟದ ಜೊತೆಗೆ ಅಥವಾ ಊಟವಾದ ಕೂಡಲೇ. ಖಾಲಿ ಹೊಟ್ಟೆಯಲ್ಲಿ ನುಂಗಿ, ಹೊಟ್ಟೆ ತೊಳಸಿ, ಭೇದಿಯಾಗಿ, ಈ ಗುಳಿಗೆ ನನಗೆ ಆಗುವುದಿಲ್ಲವೆಂದು ಬಿಟ್ಟವರು ಬಹಳ. ಕಡಿಮೆ ಪ್ರಮಾಣದಿಂದ ಆರಂಭಿಸಿದರೆ ಈ ತೊಂದರೆ ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಗ್ಗುತ್ತದೆ. ತಗ್ಗದಿದ್ದರೆ ನಿಧಾನವಾಗಿ ಬಿಡುಗಡೆಯಾಗುವ ಎಸ್.ಆರ್. ಗುಳಿಗೆಯನ್ನು ಕೇಳಬಹುದು. ಎಸ್.ಆರ್. ಗುಳಿಗೆಯನ್ನು ಪುಡಿ ಮಾಡಬಾರದು, ಅಗಿಯಬಾರದು. ಅದರ ಮೆತ್ತಗಿನ ಹೊರಕವಚ ಮಲದಲ್ಲಿ ಕಾಣಿಸಿಕೊಂಡರೆ ಗುಳಿಗೆ ಕರಗಿಲ್ಲವೆಂದು ಗಾಬರಿಯಾಗಬೇಡಿ, ಔಷಧ ಒಳಗೆ ಸೇರಿಯೇ ಇರುತ್ತದೆ.

ಗ್ಲಿಮೆಪಿರೈಡ್ ಮತ್ತು ಗ್ಲಿಕ್ಲಜೈಡ್ ಇವೆರಡೂ ಊಟವಿಲ್ಲದಿದ್ದರೂ ಸಕ್ಕರೆಯನ್ನು ಇಳಿಸುವಂಥವು. ತಟ್ಟೆ ಮುಂದೆ ಬಂದ ಮೇಲೆಯೇ ಇವನ್ನು ನುಂಗಬೇಕು. ಮನೆಯಲ್ಲಿ ಗುಳಿಗೆ ನುಂಗಿ, ಬುತ್ತಿಯನ್ನು ಹೊಲದಲ್ಲಿ ಹನ್ನೊಂದಕ್ಕೆ ಬಿಚ್ಚುವವರು ಗುಳಿಗೆಯನ್ನೂ ಬುತ್ತಿಯ ಜೊತೆಗೇ ಒಯ್ಯಲಿ. ಊಟ ತಪ್ಪಿದರೆ ಈ ಗುಳಿಗೆಯೂ ತಪ್ಪಬೇಕು. ಮರೆತ ಗುಳಿಗೆಯನ್ನು ಮುಂದಿನ ಹೊತ್ತಿಗೆ ಸೇರಿಸಿ ಎರಡು ನುಂಗುವುದು ಯಾವ ಮಧುಮೇಹದ ಔಷಧದಲ್ಲಿಯೂ ಸಲ್ಲ.

ಬೆವರು, ಕೈನಡುಕ, ಕಣ್ಣು ಮಂಜಾಗುವುದು, ವಿಪರೀತ ಹಸಿವು, ಅರ್ಥವಿಲ್ಲದ ಸಿಟ್ಟು ಇವು ಸಕ್ಕರೆ 70ರ ಕೆಳಗೆ ಇಳಿದಿರಬಹುದೆಂಬುದಕ್ಕೆ ಸೂಚನೆಗಳು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿದು, ಆಮೇಲೆ ರೊಟ್ಟಿಯನ್ನೋ ಅನ್ನವನ್ನೋ ತಿನ್ನಬೇಕು. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಗುಳಿಗೆ ತೆಗೆದುಕೊಳ್ಳುವವರಿಗೆ ಮಾತ್ರ ಅಡುಗೆಮನೆಯ ಸಕ್ಕರೆ ಬೇಗ ಹತ್ತುವುದಿಲ್ಲ, ಏಕೆಂದರೆ ಸಕ್ಕರೆಯನ್ನು ಕರುಳಿನಲ್ಲಿ ಒಡೆಯುವ ಕೆಲಸವನ್ನೇ ಆ ಔಷಧ ತಡೆಯುತ್ತದೆ. ಅವರು ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಉಪವಾಸ ಮತ್ತು ಹೊಟ್ಟೆಯ ಬೇನೆ

ಶ್ರಾವಣ ಸೋಮವಾರ, ಏಕಾದಶಿ, ಶಿವರಾತ್ರಿ, ರಂಜಾನಿನ ರೋಜಾ ಇವು ಬರುವ ದಿನಗಳು ಮೊದಲೇ ಗೊತ್ತಿರುವಂಥವು. ಉಪವಾಸದ ದಿನ ಎಲ್ಲ ಗುಳಿಗೆಗಳನ್ನು ಬಿಡುವುದೂ ತಪ್ಪು, ಎಲ್ಲವನ್ನೂ ಎಂದಿನಂತೆ ನುಂಗುವುದೂ ತಪ್ಪು. ರೋಜಾ ಹಿಡಿಯುವವರು ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕಂಡು ಇಫ್ತಾರಿಗೆ ಎಷ್ಟು, ಸಹರಿಗೆ ಎಷ್ಟು ಎಂದು ಬರೆಸಿಕೊಳ್ಳಬೇಕು. ಸಾಮಾನ್ಯವಾಗಿ ಬೆಳಗಿನ ಗ್ಲಿಮೆಪಿರೈಡನ್ನು ಇಫ್ತಾರಿಗೆ ಸರಿಸುತ್ತಾರೆ, ಇನ್ಸುಲಿನ್ನಿನ ಪ್ರಮಾಣವನ್ನು ಬದಲಿಸುತ್ತಾರೆ. ರೋಜಾ ನಡುವೆ ಬೆರಳಿನ ರಕ್ತ ನೋಡಿಕೊಂಡರೆ ರೋಜಾ ಮುರಿಯುವುದಿಲ್ಲವೆಂದು ಧಾರ್ಮಿಕ ವಿದ್ವಾಂಸರೇ ಹೇಳಿದ್ದಾರೆ. ಸಕ್ಕರೆ 70ರ ಕೆಳಗೆ ಇಳಿದರೆ ಉಪವಾಸವನ್ನು ಆ ಕ್ಷಣದಲ್ಲಿಯೇ ಬಿಡಬೇಕು.

ವಾಂತಿಭೇದಿಯಾಗಿ ನೀರಿನಂಶ ಕಳೆದುಕೊಂಡಾಗ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ಆ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಬೇಕು, ಸರಿಹೋದ ಮೇಲೆ ಮತ್ತೆ ಆರಂಭಿಸುವುದನ್ನು ಮರೆಯಬಾರದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇವೆರಡೂ ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವಂಥವಾದ್ದರಿಂದ ಗದಗ, ರೋಣ, ನವಲಗುಂದದ ಬೇಸಿಗೆಯಲ್ಲಿ ಬಿಸಿಲಲ್ಲಿ ದುಡಿಯುವವರು ನೀರು ಹೆಚ್ಚು ಕುಡಿಯಬೇಕು. ಗುಪ್ತಾಂಗದಲ್ಲಿ ತುರಿಕೆ ಬಂದರೆ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ಇನ್ಸುಲಿನ್

ಮಕ್ಕಳಲ್ಲಿ, ಹದಿಹರೆಯದವರಲ್ಲಿ ಬಹುಮಟ್ಟಿಗೆ ಕಾಣುವ ಒಂದನೇ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಒಂದು ದಿನವೂ ನಿಲ್ಲುವಂತಿಲ್ಲ. ನಿಂತರೆ ರಕ್ತ ಆಮ್ಲೀಯವಾಗಿ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು ಬರುತ್ತದೆ. ಅಂಥವರ ಮನೆಯಲ್ಲಿ ಇನ್ನೂ ತೆರೆಯದ ಒಂದು ಶೀಸೆ ಹೆಚ್ಚಿಗೆ ಇರಲೇಬೇಕು, ಹಣ ಎಲ್ಲಿಂದ ಕಡಿಮೆಯಾದರೂ ಇದಕ್ಕೆ ಕಡಿಮೆಯಾಗಬಾರದು. ಪೆನ್ನು ಮತ್ತು ಹೊಸ ಬಗೆಯ ಇನ್ಸುಲಿನ್ ತುಟ್ಟಿ. ಶೀಸೆಯಲ್ಲಿ ಬರುವ ಹಳೆಯ ಬಗೆಯ ಹ್ಯೂಮನ್ ಇನ್ಸುಲಿನ್, ಅದರಲ್ಲಿಯೂ ಬೇಗ ಕೆಲಸ ಮಾಡುವುದು 30 ಪಾಲು, ನಿಧಾನದ್ದು 70 ಪಾಲು ಸೇರಿದ 30/70 ಮಿಶ್ರಣ, ಬಹಳ ಅಗ್ಗ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೂ ದೊರೆಯುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಪ್ರಮಾಣವೂ ಹೊತ್ತೂ ಬದಲಾಗುವುದರಿಂದ ಇದನ್ನು ಅಂಗಡಿಯ ಕಟ್ಟೆಯಲ್ಲಿ ತೀರ್ಮಾನಿಸುವಂತಿಲ್ಲ.

ಸಿರಿಂಜಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ನಮ್ಮ ದೇಶದಲ್ಲಿ ಶೀಸೆಯ ಹ್ಯೂಮನ್ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್. ಪೆನ್ನಿನ ಕಾರ್ಟ್ರಿಡ್ಜ್ ಮತ್ತು ಕೆಲವು ಶೀಸೆಗಳು 100 ಯೂನಿಟ್ಟಿನವು. 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಶೀಸೆ 100ರದಾಗಿ ಸಿರಿಂಜ್ 40ರದಾದರೆ ದೇಹಕ್ಕೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗುತ್ತದೆ, ಇದು ಪ್ರಾಣಾಪಾಯ. ಮುಚ್ಚಳದ ಬಣ್ಣದ ಜೊತೆಗೆ ಶೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಪ್ರತಿ ಸಲ ಕೊಳ್ಳುವಾಗ ಹೋಲಿಸಿ ನೋಡಬೇಕು. ಬೆಳ್ಳಗೆ ಮೋಡದಂತಿರುವ ಮಿಶ್ರಣವನ್ನು ಕುಲುಕದೆ ಎರಡು ಅಂಗೈಗಳ ನಡುವೆ ಹತ್ತು ಸಲ ಹೊರಳಿಸಬೇಕು. ಚುಚ್ಚುವ ಜಾಗವನ್ನು ದಿನವೂ ಎರಡು ಬೆರಳಿನಷ್ಟು ಸರಿಸುತ್ತ ಹೋಗಬೇಕು. ಒಂದೇ ಕಡೆ ಚುಚ್ಚಿ ಗಂಟಾದ ಜಾಗದಿಂದ ಇನ್ಸುಲಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ, ಆಗ ಪ್ರಮಾಣ ಏರಿಸಿ ಸುಮ್ಮನೆ ಖರ್ಚು ಹೆಚ್ಚಾಗುತ್ತದೆ. ಸೂಜಿ ಒಂದೇ ಸಲದ ಬಳಕೆಗೆ ಇರುವಂಥದ್ದು. ದುಡ್ಡಿಲ್ಲದೆ ಮತ್ತೆ ಬಳಸುತ್ತಿರುವವರು ಅದನ್ನು ದವಾಖಾನೆಯಲ್ಲಿ ಬಾಯಿಬಿಟ್ಟು ಹೇಳಿ ಸಿರಿಂಜನ್ನೂ ಕೇಳಿ ಪಡೆಯಬೇಕು. ಒಬ್ಬರ ಸೂಜಿಯನ್ನು ಇನ್ನೊಬ್ಬರು, ಮನೆಯವರೇ ಆದರೂ, ಮುಟ್ಟಬಾರದು.

ತೆರೆಯದ ಶೀಸೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಹೆಪ್ಪುಗಟ್ಟಬಾರದು. ಬಳಕೆಗೆ ತೆಗೆದ ಶೀಸೆಯನ್ನು ತಂಪಾದ ಜಾಗದಲ್ಲಿಟ್ಟು ಸುಮಾರು ನಾಲ್ಕು ವಾರ ಬಳಸಬಹುದು. ತೆರೆದ ದಿನಾಂಕವನ್ನು ಶೀಸೆಗೆ ಅಂಟಿಸಿಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಕುಂಬಾರರ ಎರಡು ಮಡಕೆಗಳು ಸಾಕು. ದೊಡ್ಡದರೊಳಗೆ ಚಿಕ್ಕದನ್ನಿಟ್ಟು ನಡುವೆ ಉಸುಕು ತುಂಬಿ, ಉಸುಕನ್ನು ದಿನಕ್ಕೆರಡು ಸಲ ನೀರಿನಿಂದ ತೋಯಿಸಿ, ಶೀಸೆಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ ಒಳಮಡಕೆಯಲ್ಲಿಟ್ಟು ಒದ್ದೆ ಅರಿವೆ ಮುಚ್ಚಬೇಕು. ಗಾಳಿಯಾಡುವ ನೆರಳಿನಲ್ಲಿಟ್ಟರೆ ಹೊರಗಿನ ಬಿಸಿಲಿಗಿಂತ ಒಳಗೆ ಎಷ್ಟೋ ತಂಪಿರುತ್ತದೆ. ಫ್ರಿಜ್ ಇರುವ ನೆರೆಮನೆಯವರನ್ನು ಕೇಳಿ ಹೆಚ್ಚಿನ ಶೀಸೆಯನ್ನು ಅಲ್ಲಿಡುವುದೂ ಒಂದು ದಾರಿ, ಐಸ್ ಪೆಟ್ಟಿಗೆಗೆ ತಾಗದಂತೆ ಇಡಲು ಹೇಳಬೇಕು.

ಪರೀಕ್ಷೆಗೆ ಎಷ್ಟು ಖರ್ಚು ಮಾಡಬೇಕು

ಗುಳಿಗೆಯಲ್ಲಿಯೇ ಹತೋಟಿಯಲ್ಲಿರುವವರು ಗ್ಲೂಕೋಮೀಟರಿನ ಪಟ್ಟಿಗೆ ಹಣ ಸುರಿಯುವುದಕ್ಕಿಂತ ಆ ಹಣವನ್ನು ಗುಳಿಗೆಗೆ ಇಡುವುದು ಒಳ್ಳೆಯದು. ತಿಂಗಳ ಔಷಧಕ್ಕೆ ಹೋದಾಗ ಆರೋಗ್ಯ ಕೇಂದ್ರದಲ್ಲಿ ನೋಡಿಸಿದರೆ ಸಾಕು: ಉಪವಾಸದ ಸಕ್ಕರೆ 80ರಿಂದ 130, ಊಟವಾದ ಎರಡು ತಾಸಿಗೆ 180ರ ಒಳಗೆ ಇರುವುದು ಬಹುತೇಕರ ಗುರಿ. ಹಿಂದಿನ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇಕಡಾ 7ರ ಒಳಗಿರಬೇಕು, ವಯಸ್ಸಾದವರಿಗೆ ವೈದ್ಯರು ಸ್ವಲ್ಪ ಸಡಿಲಿಸುತ್ತಾರೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಮಾತ್ರ ಮೀಟರ್ ಬೇಕೇ ಬೇಕು. ವರ್ಷಕ್ಕೊಮ್ಮೆ ಕ್ರಿಯೇಟಿನಿನ್ ಎಂಬ ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಲೇಬೇಕು, ಏಕೆಂದರೆ ಮೂತ್ರಪಿಂಡದ ಕೆಲಸ ಬಹಳ ಕುಗ್ಗಿದವರಿಗೆ ಮೆಟ್‌ಫಾರ್ಮಿನ್ ಕೊಡುವುದಿಲ್ಲ. ಕಣ್ಣಿನ ಒಳಪದರ, ಮೂತ್ರದ ಆಲ್ಬುಮಿನ್, ಪಾದದ ಸ್ಪರ್ಶ ಇವೂ ವರ್ಷಕ್ಕೊಮ್ಮೆ.

ದುಡಿಯಲು ಊರು ಬಿಡುವಾಗ

ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುವವರ ಔಷಧ ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಹೊರಡುವ ವಾರದ ಮೊದಲು ಆರೋಗ್ಯ ಕೇಂದ್ರದಲ್ಲಿ ವಿಷಯ ತಿಳಿಸಿ ಎರಡು ತಿಂಗಳ ಗುಳಿಗೆ ಕೇಳಿ. ಅಷ್ಟು ಕೊಡಲಾಗದೆಂದರೆ ಮೂಲ ಹೆಸರು, ಪ್ರಮಾಣ, ಹೊತ್ತು ಬರೆದ ಚೀಟಿಗೆ ವೈದ್ಯರ ಸಹಿ ಮತ್ತು ಮೊಹರು ಹಾಕಿಸಿ, ಅದರ ಫೋಟೋ ಮೊಬೈಲಿನಲ್ಲಿಟ್ಟುಕೊಳ್ಳಿ. ಆಭಾ ಎಂಬ ಡಿಜಿಟಲ್ ಆರೋಗ್ಯ ಖಾತೆಯ ಸಂಖ್ಯೆ ಮಾಡಿಸಿದ್ದರೆ ಅದನ್ನೂ ಚೀಟಿಯ ಮೇಲೆ ಬರೆಸಿ. ಯಾವ ರಾಜ್ಯದ ಸರ್ಕಾರಿ ದವಾಖಾನೆಯಲ್ಲಿಯೂ ಆ ಚೀಟಿ ತೋರಿಸಿ ಚಿಕಿತ್ಸೆ ಮುಂದುವರಿಸಲು ಕೇಳಬಹುದು. ಗುಳಿಗೆಯ ಚೀಲ ಲಗೇಜಿನಲ್ಲಿ ಬೇಡ, ಕೈಚೀಲದಲ್ಲಿರಲಿ. ಒಂದೇ ಕೋಣೆಯಲ್ಲಿ ಉಳಿಯುವ ಸಂಗಾತಿಗೆ ನಿಮಗೆ ಸಕ್ಕರೆ ಕಾಯಿಲೆ ಇದೆ ಎಂಬುದನ್ನೂ ಗ್ಲೂಕೋಸ್ ಪೊಟ್ಟಣ ಎಲ್ಲಿಟ್ಟಿದ್ದೀರಿ ಎಂಬುದನ್ನೂ ಹೋದ ದಿನವೇ ಹೇಳಿಡಿ.